ಮಂಚದ ಕೆಳಗಿನ ಓಲೆ

ಇವತ್ತು ಕೆಲಸಕ್ಕೆಂದು ಬಂದ ಬಿಕ್ಕೋಡಿನ ರತ್ನಮ್ಮ ನನ್ನ ಕಿವಿಯ ಓಲೆಯನ್ನು ಟೀಪಾಯಿಯ ಮೇಲಿಟ್ಟು, "ತಗೊಳ್ಳಿ ಮೇಡಂ, ನಿಮ್ಮ ಪರೀಕ್ಷೆ ಓಲೆ" ಎಂದರು.

ಗೊತ್ತಿಲ್ಲದ ಗೆಳೆಯರಿಗೆ ಹೇಳುತ್ತೇನೆ. ಬೇಲೂರಿನ ಸುತ್ತಲಿನ ಹೋಮ್‌ಸ್ಟೇಗಳನ್ನು ಸ್ವಚ್ಛ ಮಾಡಿಸಿಕೊಡುವುದು ನನ್ನ ಪುಟ್ಟ ವ್ಯವಹಾರ. ಹೊಸಬರು ಬಂದ ಮೊದಲ ದಿನ ಮಂಚದ ಕೆಳಗೆ ಒಂದು ಚಿನ್ನದ ಓಲೆ ಬೀಳಿಸಿರುತ್ತೇನೆ. ತಂದುಕೊಟ್ಟವರಿಗೆ ಕೆಲಸ. ಅತಿಥಿಗಳ ಸಾಮಾನಿನ ನಡುವೆ ಓಡಾಡುವವರು ನಂಬಿಕಸ್ಥರಾಗಿರಬೇಕಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

"ನಿಮಗೆ ಯಾರು ಹೇಳಿದ್ದು?" ಎಂದೆ.

"ಬಿಕ್ಕೋಡು ಬಸ್ಸಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಮೊದ್ಲು ಓಲೆ ಹುಡುಕಿ ಕೊಟ್ಬಿಡು, ಆಮೇಲೆ ಕಸ ಗುಡ್ಸು ಅಂತ ನಮ್ಮತ್ತಿಗೆ ಹೇಳ್ಕೊಟ್ಟೇ ಕಳ್ಸಿದ್ಲು."

ನನಗೆ ನಗು ಬಂತು. ಅವರು ನಗಲಿಲ್ಲ.

ಅವರು ಕೆಲಸ ಮುಗಿಸಿದ ಮೇಲೆ ಕೋಣೆ ನೋಡಿದೆ. ಮಂಚ ಸರಿಸಿ ನೆಲ ಒರೆಸಿದ್ದರು. ಬಚ್ಚಲಿನ ನಲ್ಲಿಯ ಹಿಂದೆಯೂ ಉಜ್ಜಿದ್ದರು. ಇಂಥವರೊಬ್ಬರು ಸಿಗದೆ ಎರಡು ಹೋಮ್‌ಸ್ಟೇಗಳ ಕೆಲಸ ನನ್ನ ಕೈತಪ್ಪುವುದರಲ್ಲಿದೆ. "ನಾಳೆಯಿಂದಲೇ ಬನ್ನಿ" ಎಂದೆ.

ಅವರು ಸೆರಗಿಗೆ ಕೈ ಒರೆಸಿಕೊಂಡರು. "ಎಸ್ಟೇಟಲ್ಲಿ ಹನ್ನೆರಡು ವರ್ಷ ಮಾಡಿವ್ನಿ ಮೇಡಂ. ದಿನಾ ಸಂಜೆ ಗೇಟಲ್ಲಿ ಬ್ಯಾಗ್ ಬಿಚ್ಚಿ ನೋಡೋರು. ಅದ್ಕೇ ಬಿಟ್ಟಿದ್ದು. ನಿಮ್ಗೆ ಯೋಚ್ನೆ ಮಾಡಿ ಫೋನ್ ಮಾಡ್ತೀನಿ."

ಕೆಲಸಕ್ಕೆ ಬೇಡವೆನಿಸಿದವರಿಗೆ ಇಷ್ಟು ವರ್ಷ ನಾನು ಹೇಳಿ ಕಳಿಸುತ್ತಿದ್ದದ್ದೂ ಇದನ್ನೇ. ಆ ಫೋನ್ ಬರುವುದಿಲ್ಲವೆಂದು ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರಬೇಕು?