ಪಾದ್ರಿದಾರಿಯಲ್ಲಿ ನಾನು ಆಡಿದ ಮಾತು

ನಾನು ಇಂಥದ್ದನ್ನೆಲ್ಲ ನಂಬುವವನೇ ಅಲ್ಲ. ಯಾರಾದರೂ ತಮ್ಮ ಕನಸು ನಿಜವಾಯಿತು ಎಂದರೆ, ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಬಿಡಿ ಎಂದು ನಗುತ್ತಿದ್ದೆ. ಪೆರಿಕಲ್ಲೂರಿನ ನಮ್ಮ ದಿನಸಿ ಅಂಗಡಿಯಲ್ಲಿ ಕೂತು ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ. ಈಗ ಅದೇ ಬಾಯಿಂದ ಇದನ್ನು ಹೇಳಬೇಕಾಗಿದೆ. ನಗುವವರು ಧಾರಾಳವಾಗಿ ನಗಬಹುದು.

ಅದು ನಕ್ಸಲೀಯರ ಗಲಾಟೆಯ ಕಾಲ. ಪುಲ್ಪಳ್ಳಿಯ ಕಡೆ ಭೂಮಿಯ ಜಗಳ ಬಿಸಿಯೇರಿತ್ತು. ಕಾಡಂಚಿನಲ್ಲಿ ಹಗಲೂ ರಾತ್ರಿ ಪೊಲೀಸ್ ಜೀಪುಗಳು ಓಡಾಡುತ್ತಿದ್ದವು. ನನ್ನ ಗೆಳೆಯ ವರ್ಕಿಗೆ ಮೆಣಸಿನ ತೋಟವಿತ್ತು. ಅವನ ತಮ್ಮ ತೊಮ್ಮಿ ಒಂದು ದಿನ ಪೇಟೆಗೆಂದು ಹೋದವನು ಮನೆಗೆ ಬರಲಿಲ್ಲ. ಕಾಡು ಸೇರಿದವರ ಜೊತೆ ಹೋದ ಎಂದು ಕೆಲವರು, ಜೀಪು ಹತ್ತಿಸಿದ್ದನ್ನು ಕಂಡೆವು ಎಂದು ಕೆಲವರು. ಎರಡು ತಿಂಗಳು ಅಲೆದು ಸೋತ ವರ್ಕಿ ತಮ್ಮ ಮರಳಿ ಬರಲಿ ಎಂದು ಹರಕೆ ಹೊತ್ತ.

ಹಲಸಿನ ಮರದ ಶಿಲುಬೆಯನ್ನು ಹೆಗಲಿಗೇರಿಸಿ ಹೊಳೆದಂಡೆಯಿಂದ ಗುಡ್ಡದ ಮೇಲಿನ ಹಳೆಯ ಚರ್ಚಿಗೆ ನಡೆಯುವ ಹರಕೆ ಅದು. ಹಿಂದೆ ಮೈಸೂರು ಕಡೆಯಿಂದ ಕಬಿನಿ ದಾಟಿ ಬಂದ ಪಾದ್ರಿಗಳು ನಡೆದ ದಾರಿಯಂತೆ, ಪಾದ್ರಿದಾರಿ ಎಂದೇ ಹೆಸರು. ಶುಭ ಶುಕ್ರವಾರವನ್ನು ವರ್ಕಿಯಂಥ ಮಲಯಾಳಿ ಕ್ರೈಸ್ತರು ದುಃಖವೆಳ್ಳಿ ಎನ್ನುತ್ತಾರೆ. ಆ ದಿನ ಜನ ಗುಂಪುಗುಂಪಾಗಿ ಹೋಗುತ್ತಿದ್ದರು. ರಸ್ತೆಯಾದ ಮೇಲೆ ಕಾಡಿನೊಳಗಿನ ಹಳೆಯ ದಾರಿ ಬಿಟ್ಟುಹೋಗಿ ಎಲ್ಲರೂ ರಸ್ತೆಯಲ್ಲೇ ನಡೆಯುವುದು ರೂಢಿಯಾಯಿತು. ಆ ವರ್ಷ ಮಾತ್ರ ರಸ್ತೆಯಲ್ಲಿ ಯಾರೂ ನಡೆಯುವಂತಿಲ್ಲ ಎಂದು ಪೊಲೀಸರು ತಡೆದರು.

"ಹಂಗಾದ್ರೆ ಕಾಡಿನ ದಾರೀಲೇ ಹೋಗ್ತೀನಿ," ಎಂದ ವರ್ಕಿ.

ಅವನೊಬ್ಬನನ್ನೇ ಬಿಡಲು ಮನಸ್ಸಾಗದೆ ನಾನೂ ಹೊರಟೆ. ಆ ಕಾಡನ್ನಾಗಲಿ, ಚರ್ಚಿನ ಒಳಗನ್ನಾಗಲಿ ನಾನು ಅದುವರೆಗೆ ನೋಡಿದವನಲ್ಲ.

ಬಿಸಿಲೇರುವ ಹೊತ್ತಿಗೆ ದಾರಿ ಕವಲೊಡೆಯಿತು. ವರ್ಕಿಗೆ ಅಲ್ಲಿಂದಾಚೆ ಗೊತ್ತಿರಲಿಲ್ಲ. ಅವನು ಶಿಲುಬೆ ಇಳಿಸಿ ಅತ್ತಿತ್ತ ನೋಡುತ್ತಿದ್ದಾಗ ನನ್ನ ಬಾಯಿಂದ ಮಾತು ಹೊರಟಿತು: "ಎಡಕ್ಕೆ ನಡಿ. ಎರಡಾಗಿ ಸೀಳಿದ ಬಂಡೆ ಸಿಗ್ತದೆ. ಸೀಳಿನಲ್ಲಿ ಅತ್ತಿಗಿಡ ಇದೆ."

ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಆದರೆ ಬಂಡೆ ಸಿಕ್ಕಿತು. ಸೀಳಿನಲ್ಲಿ ಅತ್ತಿಗಿಡವೂ ಇತ್ತು.

"ಲೋ, ನೀ ಯಾವಾಗ ಬಂದಿದ್ದೆ ಇಲ್ಲಿ?" ಎಂದ ವರ್ಕಿ.

"ಬಂದೇ ಇಲ್ಲ ಕಣೋ!"

ನನಗೆ ಭಯವಾಗಲಿಲ್ಲ. ಸುಳ್ಳೇಕೆ ಹೇಳಲಿ, ಮೈಯೆಲ್ಲ ಕುಣಿಯುವಷ್ಟು ಖುಷಿಯಾಯಿತು. ನಮ್ಮ ಅಂಗಡಿಯಲ್ಲಿ ಯಾವ ಡಬ್ಬದಲ್ಲಿ ಏನಿದೆಯೆಂದು ಕಣ್ಣುಮುಚ್ಚಿ ಹೇಳುವ ಹಾಗೆ ಮುಂದಿನ ತಿರುವುಗಳೆಲ್ಲ ಒಂದೊಂದಾಗಿ ಕಣ್ಣಿಗೆ ಕಟ್ಟತೊಡಗಿದವು. ತೊರೆಗೆ ಅಡ್ಡ ಮರ ಬಿದ್ದಿದೆ, ಅದರ ಆಚೆ ತುದಿ ಸುಟ್ಟಿದೆ ಎಂದೆ. ಹಾಗೆಯೇ ಇತ್ತು. ಗೆಣಸು ಅಗೆಯುವ ಅಜ್ಜಿಯೊಬ್ಬಳು ಸಿಕ್ಕಿ ಹೊಗೆಸೊಪ್ಪು ಕೇಳುತ್ತಾಳೆ ಎಂದೆ. ಬಿದಿರುಮೆಳೆ ದಾಟಿದರೆ ಕಾಡುಕುರುಬರ ಅಜ್ಜಿ ಕೋಲಿನಿಂದ ನೆಲ ಬಗೆಯುತ್ತಿದ್ದಳು. ತಲೆಯೆತ್ತದೆಯೇ ಕೇಳಿದಳು: "ಹೊಗೆಸೊಪ್ಪು ಐತಾ ಮಗಾ?"

ನಾನು ಚಪ್ಪಾಳೆ ತಟ್ಟಿ ಕೂಗಿಬಿಟ್ಟೆ. ಅಜ್ಜಿ ನನ್ನನ್ನು ಹುಚ್ಚನೆಂದುಕೊಂಡಿರಬೇಕು. ಅಲ್ಲಿಂದ ಮುಂದೆ ನಾನು ಅಕ್ಷರಶಃ ಓಡುತ್ತಿದ್ದೆ, ವರ್ಕಿ ಅಷ್ಟು ಭಾರ ಹೊತ್ತುಕೊಂಡು ನನ್ನ ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದ. ಕೊನೆಯ ಏರಿನಲ್ಲಿ ನಾನು, "ಮೊದಲು ಮರದ ಸದ್ದು ಕೇಳ್ತದೆ, ಆಮೇಲೆ ಚರ್ಚು ಕಾಣ್ತದೆ," ಎಂದೆ.

"ಗಂಟೆ ಅಲ್ವಾ?"

"ಗಂಟೆ ಅಲ್ಲ. ಮರ."

ವರ್ಕಿ ನಿಂತುಬಿಟ್ಟ. ಯೇಸು ಸತ್ತ ದಿನವಾದ್ದರಿಂದ ಅವತ್ತು ಚರ್ಚಿನಲ್ಲಿ ಗಂಟೆ ಹೊಡೆಯುವುದಿಲ್ಲ, ಮರದ ಹಲಗೆ ಬಡಿಯುತ್ತಾರೆ. ನನಗೆ ಇದು ಗೊತ್ತಿರಲೇ ಇಲ್ಲ. ಅವನು ಬಾಯಿ ತೆರೆಯುವ ಮೊದಲೇ ಮೇಲಿನಿಂದ ಟಕ ಟಕ ಎಂದು ಕೇಳಿಸಿತು.

"ಕರ್ತಾವೇ!" ಎಂದು ದೇವರನ್ನು ಕರೆದು ವರ್ಕಿ ಶಿಲುಬೆಯನ್ನು ನೆಲಕ್ಕಿಳಿಸಿದ. ನನ್ನ ಎರಡೂ ಕೈ ಹಿಡಿದುಕೊಂಡ. "ಎಲ್ಲಾ ಕಾಣ್ತದಲ್ಲ ನಿಂಗೆ. ಹೇಳು, ನಮ್ಮ ತೊಮ್ಮಿ ಬರ್ತಾನಾ?"

"ಬರ್ತಾನೆ," ಎಂದೆ.

ಅವನು ಅಲ್ಲೇ ಮಂಡಿಯೂರಿ ಅತ್ತ. ನಾನೂ ಅತ್ತೆ.

ತೊಮ್ಮಿ ಬರಲಿಲ್ಲ. ನನಗೂ ಆಮೇಲೆ ಒಮ್ಮೆಯೂ ಹಾಗೆ ಏನೂ ಕಾಣಲಿಲ್ಲ. ಚಿಕ್ಕಂದಿನಲ್ಲಿ ಯಾರಾದರೂ ನನ್ನನ್ನು ಆ ದಾರಿಯಲ್ಲಿ ಎತ್ತಿಕೊಂಡು ಹೋಗಿದ್ದರೇ ಎಂದು ಅಪ್ಪನನ್ನು ಕೇಳಿದೆ. ಇಲ್ಲ ಎಂದರು. ಇರಲಿ, ಹೋಗಿದ್ದರೂ ಅಜ್ಜಿ ಹೊಗೆಸೊಪ್ಪು ಕೇಳುವುದು ನನಗೆ ಹೇಗೆ ಗೊತ್ತಾಗಬೇಕು? ಇವತ್ತಿಗೂ ತಿಳಿದಿಲ್ಲ.

ಅದಕ್ಕಿಂತ ನನ್ನನ್ನು ಕೊರೆಯುವುದು ಬೇರೆಯೇ ಇದೆ. ಬಂಡೆಯನ್ನು ಹೇಳುವ ಮೊದಲು ಬಂಡೆ ಕಂಡಿತ್ತು, ಅಜ್ಜಿಯನ್ನು ಹೇಳುವ ಮೊದಲು ಅಜ್ಜಿ ಕಂಡಿದ್ದಳು. ತೊಮ್ಮಿ ಕಂಡನೇ? ಎಷ್ಟು ನೆನೆದರೂ ವರ್ಕಿಯ ಮುಖವೊಂದೇ ನೆನಪಿಗೆ ಬರುತ್ತದೆ.

ಆರೇಳು ವರ್ಷ ಕಳೆದ ಮೇಲೆ ವರ್ಕಿ, ತೊಮ್ಮಿಯರ ತಾಯಿ ಅಮ್ಮಚ್ಚಿ, ಕಾಣೆಯಾದ ಮಗನ ಆತ್ಮಕ್ಕಾಗಿ ಚರ್ಚಿನಲ್ಲಿ ಪ್ರಾರ್ಥನೆ ಮಾಡಿಸೋಣ ಎಂದರಂತೆ. ಬದುಕಿರುವವನಿಗೆ ಸತ್ತವರ ಪ್ರಾರ್ಥನೆಯೇ ಎಂದು ವರ್ಕಿ ಎಗರಾಡಿದನಂತೆ. ಪಾದ್ರಿದಾರಿಯಲ್ಲಿ ನಾನು ಅವನಿಗೆ ಹೇಳಿದ್ದರಲ್ಲಿ ಯಾವುದು ಸುಳ್ಳಾಯಿತು ಎಂದು ಕೇಳಿದನಂತೆ. ಮರುದಿನ ಅಮ್ಮಚ್ಚಿ ನಮ್ಮ ಅಂಗಡಿಗೆ ಬಂದರು. ಗಿರಾಕಿಗಳೆಲ್ಲ ಹೋಗುವವರೆಗೂ ಒಂದು ಬದಿಗೆ ನಿಂತಿದ್ದರು.

"ಮೋನೇ," ಎಂದು ಮಗನನ್ನು ಕರೆದಂತೆ ಕರೆದರು. "ಸತ್ಯ ಹೇಳು. ಅವತ್ತು ನಿಂಗೆ ನನ್ನ ತೊಮ್ಮಿ ಕಂಡನಾ?"

"ಗೊತ್ತಿಲ್ಲ ಅಮ್ಮಚ್ಚಿ."

ಅವರು ನನ್ನನ್ನೇ ನೋಡಿದರು. "ಬದುಕಿದ್ದಾನೆ ಅಂತ ಕಾಯಲಾ, ಸತ್ತ ಅಂತ ಪ್ರಾರ್ಥನೆ ಮಾಡಿಸಲಾ? ನೀನೇ ಹೇಳು."

ನಾನು ತಕ್ಕಡಿಯ ತೂಕದ ಕಲ್ಲುಗಳನ್ನು ಒಂದೊಂದಾಗಿ ಡಬ್ಬಕ್ಕೆ ಹಾಕತೊಡಗಿದೆ. ಕೊನೆಯ ಕಲ್ಲು ಹಾಕುವವರೆಗೂ ಅವರು ನಿಂತಿದ್ದು, ಸೆರಗು ಹೊದ್ದು ಮನೆಗೆ ಹೋದರು.