ಖತೀಬು ಕೈ ತಡೆದಷ್ಟು ಹೊತ್ತು

ಬಂದರಿನ ಪಕ್ಕದ ಮಾಲಿಂದಿ ಪೇಟೆಯ ನಮ್ಮ ಓಣಿಯಲ್ಲಿ ಜಗಲಿಯ ಮೇಲೆ ಕೂತು ಬಾವೊ ಆಡುವುದು ಗಂಡಸರ ಪಾಲಿನದು. ಸಲ್ಹೀನಾ ಆ ಆಟ ಕಲಿತದ್ದು ಬಾಗಿಲ ಮರೆಯಲ್ಲಿ ನಿಂತು. ಹಲಗೆಯ ಒಂದು ಬದಿಗೆ ಅವಳ ಅಪ್ಪ ಖತೀಬು, ಎದುರಿಗೆ ಅವರ ಗೆಳೆಯ ಫಾಕಿ. ಅಳಗುಳಿಮಣೆಯ ಹಾಗೆಯೇ ಗುಳಿಯಿಂದ ಬೀಜ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುವ ಆಟ. ಗುಳಿಗಳು ಮಾತ್ರ ನಾಲ್ಕು ಸಾಲು. ಫಾಕಿ ಪಟಪಟನೆ ಬಿಡುತ್ತಿದ್ದರು. ಖತೀಬು ನಡುವೆ ಮುಷ್ಟಿ ಬಿಗಿಹಿಡಿದು ಸುಮ್ಮನಾಗಿಬಿಡುತ್ತಿದ್ದರು. ಆಗ ಫಾಕಿಗೆ ಬೆವರು. ನಮಾಜಿನ ಹೊತ್ತಾಯಿತೆಂದು ಹೆದರಿಸುವರು, ಬೈಯುವರು, ಕಾಫಿಯವನನ್ನು ಕರೆದು ಇನ್ನೊಂದು ಬಟ್ಟಲು ತರಿಸುವರು. ಖತೀಬು ಕೈ ಬಿಡಿಸುತ್ತಿದ್ದುದು ತಮಗೆ ಬೇಕಾದಾಗ.

ಸಲ್ಹೀನಾ ಬಂದರಿನ ಒಬ್ಬ ಏಜೆಂಟರ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ಸಿ ಭಾಷೆ ಕಲಿಯುತ್ತಿದ್ದ ದಿನಗಳಲ್ಲಿ ಅವಳು ಬರೆದ ಮೊದಲ ದೊಡ್ಡ ಪ್ರೋಗ್ರಾಂ, ಅಪ್ಪನ ಹಾಗೆ ಬಾವೊ ಆಡುವಂಥದ್ದು. ಯಾವ ಸಂದರ್ಭದಲ್ಲಿ ಯಾವ ಗುಳಿ ಎತ್ತಬೇಕೆಂದು ಖತೀಬು ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಮೊದಲ ಸಲ ಯಂತ್ರ ಆಡಿದ್ದು ನೋಡಿ ಮುಖ ಸಿಂಡರಿಸಿದರು. ಮೂಟೆ ಬಿಚ್ಚಿ ಸುರಿದ ಹಾಗಿದೆ, ಆಡಿದ ಹಾಗಿಲ್ಲ ಎಂದರು. ಆಮೇಲೆ ಅವಳು ಬೀಜಬೀಜದ ನಡುವೆ ತಡೆಗಳನ್ನು ಹಾಕಿದಳು. ಎದುರಾಳಿಯ ಬೀಜ ಹೊಡೆಯುವ ಮುನ್ನ ಎಷ್ಟು ಕಾಯಬೇಕು, ದಿಕ್ಕು ತಿರುಗುವಾಗ ಎಷ್ಟು ಎಂದು ಅಪ್ಪ ಮೇಜಿನ ಮೇಲೆ ಬೆರಳು ಬಡಿದು ತೋರಿಸಿದರು.

ಮಂಡಿನೋವು ಹೆಚ್ಚಾದಾಗ ಫಾಕಿಯನ್ನು ಅವರ ಮಗಳು ಪೆಂಬಾ ದ್ವೀಪದ ವೇತೆಗೆ ಕರೆದುಕೊಂಡು ಹೋದಳು. ಮರುವರ್ಷದ ಮಳೆಗಾಲದಲ್ಲಿ ಖತೀಬು ತೀರಿಕೊಂಡರು. ಸಮುದ್ರ ಕೆಟ್ಟು ದೋಣಿ ಹೊರಡದೆ ಫಾಕಿಗೆ ಮಣ್ಣಿಗೂ ಬರಲಾಗಲಿಲ್ಲ. ಫೋನಿನಲ್ಲಿ ಅವರು ಹೇಳಿದ್ದು ಒಂದೇ ಮಾತು: "ನಿಮ್ಮಪ್ಪನ ಜೊತೆ ಇನ್ನೊಂದಾಟ ಆಡ್ಬೇಕಿತ್ತು ಮಗಳೇ."

ಆ ಆಟ ತನ್ನ ಬಳಿ ಇದೆ ಎಂದು ಅವಳಿಗೆ ಗೊತ್ತಿತ್ತು. ಫಾಕಿಯ ಬಳಿ ಇದ್ದದ್ದು ಸಾಧಾರಣ ಸ್ಮಾರ್ಟ್‌ಫೋನು ಮಾತ್ರ. ಅದರ ಬ್ರೌಸರಿನೊಳಗೆ ಪ್ರೋಗ್ರಾಂ ಓಡಬೇಕು. ಸಿ ಕೋಡನ್ನು ಬ್ರೌಸರಿಗೆ ಒಗ್ಗುವಂತೆ ಮಾರ್ಪಡಿಸುವ ಮುಕ್ತ ತಂತ್ರಾಂಶ ಯೋಜನೆಗಳಿವೆ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಒಳಗೇನಿದೆ ಎಂದು ಬಿಚ್ಚಿ ನೋಡಬಹುದು. ಅವುಗಳಲ್ಲಿ ಎರಡನ್ನು ಅವಳು ಆರಿಸಿಕೊಂಡಳು.

ಒಂದು ತೆಳ್ಳನೆಯದು. ಸಿ ಭಾಷೆಗೆ ಬೇಕಾದಷ್ಟನ್ನೇ ಕೊಟ್ಟು, ಉಳಿದದ್ದನ್ನು ನೀನೇ ಬರೆದುಕೋ ಎನ್ನುವಂಥದ್ದು. ಹಲಗೆ ತೋರಿಸುವ ಭಾಗ, ಬೆರಳಿನ ಒತ್ತು ಹಿಡಿಯುವ ಭಾಗ ಎಲ್ಲವನ್ನೂ ಅವಳು ಬರೆದಳು. ಬೀಜಗಳ ನಡುವೆ ಕಾಯುವ ಕೆಲಸಕ್ಕೆ ಸುಲಭದ ದಾರಿ ಸಿಗದೆ ಅದನ್ನು ಖಾಲಿ ಬಿಟ್ಟಳು. ಕಡತ ಪುಟ್ಟದಾಯಿತು, ಓಟ ಚುರುಕಾಯಿತು. ಜಗಲಿಯ ಹುಡುಗರು ಆಡಿ ಮೆಚ್ಚಿದರು.

ಅವಳು ಕಳಿಸಿದ ಲಿಂಕ್ ತೆರೆದು ಫಾಕಿ ಎರಡಾಟ ಆಡಿ ಫೋನ್ ಮಾಡಿದರು. "ಗುಳಿ ಎಲ್ಲಾ ಅವನೇ ಎತ್ತೋದು, ಸರಿ. ಆದ್ರೆ ಇಷ್ಟು ಅವಸರ ಅವನಿಗೆ ಯಾವತ್ತಿತ್ತು? ಇವನು ಯಾರೋ ಬಸ್ಸು ಹಿಡಿಯೋಕೆ ಹೊರಟವನು."

ತನಗೂ ಹಾಗೇ ಅನಿಸಿತ್ತು ಎಂದು ಸಲ್ಹೀನಾ ನನಗೆ ಆಮೇಲೆ ಹೇಳಿದಳು.

ಇನ್ನೊಂದು ಯೋಜನೆ ಎಮ್‌ಸ್ಕ್ರಿಪ್ಟನ್. ಹಳೆಯ ಕೋಡನ್ನು ಹೆಚ್ಚು ಮುಟ್ಟದೆ, ಬೇಕಾದ ಸಾಮಾನನ್ನೆಲ್ಲ ಜೊತೆಗೆ ಹೊತ್ತುಕೊಂಡು ಬರುವಂಥದ್ದು. ಅದರಲ್ಲಿ ಮೊದಲ ಸಲ ತಡೆ ಬಂದಾಗ ಇಡೀ ಪುಟವೇ ಮರಗಟ್ಟಿತು; ಕೊನೆಗೆ ಬೀಜಗಳೆಲ್ಲ ಒಟ್ಟಿಗೆ ಬಿದ್ದವು. ಬ್ರೌಸರಿನಲ್ಲಿ ಒಂದು ಪ್ರೋಗ್ರಾಂ ಸುಮ್ಮನೆ ಕಾದರೆ ಪರದೆಯೂ ಅದರ ಜೊತೆ ಕಾಯುತ್ತದೆ. ಇದಕ್ಕೆ ಪರಿಹಾರವೂ ಆ ಯೋಜನೆಯಲ್ಲೇ ಇತ್ತು: ಪ್ರೋಗ್ರಾಮನ್ನು ನಡುವಿನಲ್ಲಿ ನಿಲ್ಲಿಸಿ, ಬ್ರೌಸರಿಗೆ ಬಿಡುವು ಕೊಟ್ಟು, ನಿಲ್ಲಿಸಿದ ಜಾಗದಿಂದಲೇ ಮುಂದುವರಿಸುವ ಒಂದು ಸೌಲಭ್ಯ. ಆದರೆ ಕಡತ ಊದಿಕೊಳ್ಳುತ್ತದೆ, ಓಟ ನಿಧಾನವಾಗುತ್ತದೆ. ಇಂಥ ಯೋಜನೆಗಳನ್ನು ಹೋಲಿಸುವ ಲೇಖನಗಳನ್ನು ಅವಳು ಸಾಕಷ್ಟು ಓದಿದ್ದಳು. ಎಲ್ಲರೂ ಅಳೆದದ್ದು ಗಾತ್ರ ಮತ್ತು ವೇಗ. ಆ ಲೆಕ್ಕದಲ್ಲಿ ಅವಳು ಸೋಲುವಂಥದ್ದನ್ನೇ ಆರಿಸಿಕೊಂಡಿದ್ದಳು.

ಹೊಸ ಲಿಂಕ್ ಕಳಿಸುವ ಮುನ್ನ ತಾನೇ ಒಮ್ಮೆ ತೆರೆದಳು. ಮೊದಲ ಬೀಜ ಬಿತ್ತು, ಎರಡನೆಯದು ಬಿತ್ತು, ಆಮೇಲೆ ಏನೂ ಬೀಳಲಿಲ್ಲ. ಅವಳು ಪರದೆ ನೋಡುತ್ತ ಕೂತಳು. ಮೂರನೆಯದು ಬೀಳುವ ಮೊದಲೇ ಪುಟ ಮುಚ್ಚಿದಳು. ಪೂರ್ತಿ ನೋಡುವ ಧೈರ್ಯ ಬರಲಿಲ್ಲವಂತೆ.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಫಾಕಿ ಆಟ ತೆರೆದರು. ಮಗಳ ಫೋನಿನಿಂದ ಸಲ್ಹೀನಾಳಿಗೆ ಕರೆ ಮಾಡಿ ಪಕ್ಕದಲ್ಲಿಟ್ಟುಕೊಂಡರು. ಲೋಡಾಗಲು ಬಹಳ ಹೊತ್ತು ಹಿಡಿಯಿತು, ಗೊಣಗಿದರು. ಆಟ ಶುರುವಾಯಿತು. ಅವರು ಒಂದೊಂದು ನಡೆಯನ್ನೂ ಬಾಯಲ್ಲಿ ಹೇಳುತ್ತ ಆಡಿದರು. ಎದುರಿನವನನ್ನು ಮುದಿಗೂಬೆ ಎಂದರು. ಸತ್ತಮೇಲೂ ಮೋಸ ಬಿಟ್ಟಿಲ್ಲ ಎಂದರು. ಆಮೇಲೆ ಮಾತು ನಿಂತಿತು.

ಕರೆ ಕಡಿದುಹೋಯಿತೇನೋ ಎಂದು ಸಲ್ಹೀನಾಳಿಗೆ ಗಾಬರಿಯಾಯಿತು. "ಬಾಬಾ ಫಾಕಿ, ಕೇಳಿಸ್ತಾ ಇದೆಯಾ?"

"ಶ್," ಎಂದರು ಅವರು, ಮೆಲ್ಲಗೆ. "ಮುಷ್ಟಿ ಹಿಡಿದು ಕೂತಿದ್ದಾನೆ. ಮಾತಾಡಿಸ್ಬೇಡ."

ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. ಅಪ್ಪ ಕೈ ಬಿಡಿಸುವವರೆಗೂ ಇಬ್ಬರೂ ಕಾದರು.