ಅತ್ತೆಯ ಮಂಡಿ, ಡಾಕ್ಟರ ಮಾತ್ರೆ

ಅರವತ್ತರ ದಶಕದ ಶುರು. ನಾನು ಮದುವೆಯಾಗಿ ಶಿಡ್ಲಘಟ್ಟದ ಪಕ್ಕದ ಹಳ್ಳಿಗೆ ಬಂದ ವರ್ಷವೇ ಅತ್ತೆಯ ಬಲಮಂಡಿ ಊದಿಕೊಂಡಿತು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಎಳೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಆ ಕೆಲಸವನ್ನು ಅತ್ತೆ ಯಾರಿಗೂ ಬಿಡದೆ, ದಿನವಿಡೀ ನೆಲದ ಮೇಲೆ ಮಂಡಿ ಮಡಚಿ ಕುಳಿತು ಹೆಚ್ಚುತ್ತಿದ್ದರು. ಉಪ್ಪಿನ ಶಾಖ ಕೊಟ್ಟೆ, ಎಕ್ಕದೆಲೆ ಬಿಸಿ ಮಾಡಿ ಕಟ್ಟಿದೆ. ಊತ ಜಗ್ಗಲಿಲ್ಲ. ಕೊನೆಗೆ ಬಸ್ಸು ಹತ್ತಿಸಿ ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಮಂಡಿ ಒತ್ತಿ ನೋಡಿ, ಸೊಪ್ಪು ಹೆಚ್ಚುವ ಕೆಲಸದ ಬಗ್ಗೆಯೂ ಕೇಳಿ ತಿಳಿದುಕೊಂಡು, ಬಿಳಿ ಮಾತ್ರೆಗಳ ಪೊಟ್ಟಣ ಕೊಟ್ಟು, "ದಿನಕ್ಕೆ ಮೂರು ಸಲ, ಊಟ ಆದ್ಮೇಲೆ ತಗೊಳ್ಳಿ" ಅಂದರು.

ಹತ್ತು ದಿನ ಬಿಟ್ಟು ಮತ್ತೆ ಹೋದೆವು.

"ಮಾತ್ರೆ ತಗೊಂಡ್ರಾ ಅಮ್ಮ?"

"ಒಂದೂ ತಪ್ಪಿಸಿಲ್ಲಪ್ಪ. ಊತ ನೋಡಿ, ಎಷ್ಟು ಇಳಿದಿದೆ."

ನಿಜಕ್ಕೂ ಇಳಿದಿತ್ತು. ಡಾಕ್ಟರು ಖುಷಿಯಾದರು. "ಹೊಟ್ಟೆ ಏನಾದ್ರೂ ಉರೀತಾ?"

"ಹೊಟ್ಟೆ ಯಾಕಪ್ಪ ಉರಿಯುತ್ತೆ? ಮಂಡೀನೇ ಸ್ವಲ್ಪ ಉರೀತು, ಅಷ್ಟೇ."

ಡಾಕ್ಟರು ನನ್ನ ಮುಖ ನೋಡಿದರು. ಬೇರೆ ದಾರಿಯಿಲ್ಲದೆ ಹೇಳಿದೆ. ಅತ್ತೆ ಮೂರು ಹೊತ್ತೂ ಊಟ ಮುಗಿಸಿ, ಮಾತ್ರೆ ಕುಟ್ಟಿ ಪುಡಿ ಮಾಡಿ, ಹರಳೆಣ್ಣೆಯಲ್ಲಿ ಕಲಸಿ, ಕಾಲು ಚಾಚಿ ಮಂಡಿಗೆ ತಿಕ್ಕಿಕೊಳ್ಳುತ್ತಿದ್ದರು.

"ನುಂಗೋಕೆ ಕೊಟ್ಟಿದ್ದಲ್ವಾ ಅಮ್ಮ?"

"ನೋವಿರೋದು ಮಂಡೀಲಿ. ಬಾಯಿಂದ ಹೊರಟಿದ್ದು ದಾರಿ ಹುಡುಕ್ಕೊಂಡು ಅಲ್ಲಿಗೆ ಬರೋದು ಯಾವಾಗ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಈ ಹತ್ತು ದಿನ ಸೊಪ್ಪು ಹೆಚ್ಚಿದ್ದು ಯಾರು?"

"ಇವಳೇ. ಎಣ್ಣೆ ಸೋಕಿದ ಸೊಪ್ಪು ಹುಳಕ್ಕೆ ಆಗಲ್ಲ, ಎಣ್ಣೆ ಕಾಲಲ್ಲಿ ನಾನು ಹೆಂಗೆ ಸೊಪ್ಪಿನ ಹತ್ರ ಹೋಗ್ಲಿ?"

"ಹಂಗಾದ್ರೆ ವಾಸಿ ಮಾಡಿದ್ದು ವಿಶ್ರಾಂತಿ. ಇನ್ಮೇಲೆ ನೆಲದ ಮೇಲೆ ಕೂರಬೇಡಿ. ಮಾತ್ರೆ ಮಾತ್ರ ನುಂಗಿ."

ಮನೆಗೆ ಬಂದವರೇ ಅತ್ತೆ ಮಾವನವರ ಮರದ ಕುರ್ಚಿಯನ್ನು ಹುಳದ ಮನೆಗೆ ತರಿಸಿ, ಅದರಲ್ಲಿ ಕುಳಿತು, ನಾನು ಸೊಪ್ಪು ಹೆಚ್ಚುವುದನ್ನು ತಿದ್ದತೊಡಗಿದರು. ಅಂದು ಊಟವಾದ ಮೇಲೆ ನನ್ನ ಒತ್ತಾಯಕ್ಕೆ ಒಂದು ಮಾತ್ರೆ ನುಂಗಿ, ಕಣ್ಣು ಮುಚ್ಚಿ ಕಾದರು. ಸ್ವಲ್ಪ ಹೊತ್ತಿನ ಮೇಲೆ ಗಂಭೀರವಾಗಿ, "ಈಗ ಸೊಂಟದ ಹತ್ರ ಬಂದಿದೆ ಕಣೇ" ಅಂದರು.

ತಿಂಗಳೊಳಗೆ ಮಂಡಿ ಸಲೀಸಾಗಿ ಮಡಚಲು ಬಂತು. ಆದರೂ ಅತ್ತೆ ಕುರ್ಚಿ ಬಿಟ್ಟುಕೊಡಲಿಲ್ಲ. ಮಾವ ಜಗಲಿಯ ಕಲ್ಲಿನ ಮೇಲೆ ಕುಳಿತು ಪೇಪರು ಓದುವುದನ್ನು ರೂಢಿ ಮಾಡಿಕೊಂಡರು.